ಬಂಗಾರದ ಕಾವು ಕವಳದ ಬಾಯಿಗೆ ಎಷ್ಟು ದೂರ?

ಶಿರಸಿ ಕಡೆಯ ನಮ್ಮ ವಾಟ್ಸ್‌ಆ್ಯಪ್ ಗುಂಪಿನಲ್ಲಿ ಚಾಲಿ ಅಡಿಕೆಯ ದರ, ಕರೆಂಟು ಹೋದ ದೂರು, ಯಕ್ಷಗಾನದ ಕರಪತ್ರಗಳ ನಡುವೆ ಆಗಾಗ ಒಂದು ವಿಡಿಯೊ ತೇಲಿ ಬರುತ್ತದೆ. ಬಂಗಾರದ ಸೂಕ್ಷ್ಮ ಕಣಗಳನ್ನು ರಕ್ತಕ್ಕೆ ಬಿಡುತ್ತಾರೆ, ಮೇಲಿಂದ ಬೆಳಕು ಹಾಯಿಸುತ್ತಾರೆ, ಕ್ಯಾನ್ಸರ್ ಗಡ್ಡೆ ಇದ್ದಲ್ಲೇ ಬೆಂದು ಹೋಗುತ್ತದೆ. ಕತ್ತರಿ ಇಲ್ಲ, ಕಿಮೋ ಇಲ್ಲ, ಕೂದಲು ಉದುರುವುದಿಲ್ಲ. ಕಳೆದ ಸಲ ಅದು ಬಂದಾಗ ಪಕ್ಕದೂರಿನ ಭಾವ ಫೋನು ಮಾಡಿದ. "ಇದು ಮಣಿಪಾಲಕ್ಕೆ ಬಂಜನಾ?" ಬಾಯಲ್ಲಿ ಕವಳ, ಅಂದರೆ ಎಲೆ-ಅಡಿಕೆ, ಇತ್ತು, ಎರಡು ಸಲ ಕೇಳಿದ ಮೇಲೆ ಮಾತು ತಿಳಿಯಿತು.

"ಬಂಜಿಲ್ಲೆ", ಬಂದಿಲ್ಲ, ಎಂದೆ. ಅಷ್ಟಕ್ಕೇ ಮುಗಿಸಬಹುದಿತ್ತು. ಆದರೆ ಆ ವಿಡಿಯೊ ಪೂರ್ತಿ ಸುಳ್ಳೂ ಅಲ್ಲ, ಹಾಗಾಗಿ ತೊಂದರೆ. ಸುಳ್ಳಾಗಿದ್ದರೆ ಅಳಿಸಿ ಸುಮ್ಮನಿರಬಹುದು. ಇಲ್ಲಿ ನಿಜವಾದ ಭೌತಶಾಸ್ತ್ರವಿದೆ, ನಿಜವಾದ ರೋಗಿಗಳ ಮೇಲೆ ನಡೆದ ಪ್ರಯೋಗವಿದೆ, ಜೊತೆಗೆ ವಿಡಿಯೊ ಮಾಡಿದವರು ಬಿಟ್ಟುಬಿಟ್ಟ ಅರ್ಧ ಕತೆಯೂ ಇದೆ.

ಮೊದಲು ಬೆಳಕಿನ ವಿಷಯ. ಮಳೆಗಾಲದ ರಾತ್ರಿ ಕರೆಂಟು ಹೋದಾಗ ಬ್ಯಾಟರಿಯ ಮೂತಿಗೆ ಅಂಗೈ ಮುಚ್ಚಿ ಆಡಿದವರಿಗೆ ಗೊತ್ತು, ಬೆರಳ ಸಂದಿಯೆಲ್ಲ ಕೆಂಪಗೆ ಹೊಳೆಯುತ್ತದೆ. ಬಿಳಿ ಬೆಳಕಿನಲ್ಲಿ ಎಲ್ಲ ಬಣ್ಣಗಳೂ ಇರುತ್ತವೆ. ನೀಲಿ, ಹಸಿರನ್ನು ರಕ್ತ ನುಂಗಿಬಿಡುತ್ತದೆ, ಕೆಂಪು ಮಾತ್ರ ಈಚೆ ದಾಟುತ್ತದೆ. ಕೆಂಪಿನ ಆಚೆಗೆ, ಕಣ್ಣಿಗೆ ಕಾಣದ ಅವಕೆಂಪು ಬೆಳಕು, ಅಂದರೆ ಇನ್‌ಫ್ರಾರೆಡ್, ಇನ್ನೂ ಸ್ವಲ್ಪ ಆಳಕ್ಕೆ ಇಳಿಯುತ್ತದೆ. ಸುಮಾರು 650ರಿಂದ 950 ನ್ಯಾನೋಮೀಟರ್ ಅಲೆಯುದ್ದದ ಬೆಳಕನ್ನು ನಮ್ಮ ರಕ್ತವೂ ಮೈಯೊಳಗಿನ ನೀರೂ ಅಷ್ಟಾಗಿ ಹೀರುವುದಿಲ್ಲ. ದೇಹಕ್ಕೆ ಇದೊಂದು ಕಿಟಕಿ ಇದ್ದ ಹಾಗೆ. ಕೋವಿಡ್ ಕಾಲದಲ್ಲಿ ಮನೆಮನೆಗೆ ಬಂದ ಆಕ್ಸಿಮೀಟರ್ ಇಣುಕಿದ್ದು ಇದೇ ಕಿಟಕಿಯಿಂದ: ಒಂದು 660ರ ಕೆಂಪು, ಇನ್ನೊಂದು 940ರ ಅವಕೆಂಪು. ಟಿವಿ ರಿಮೋಟಿನ ತುದಿಯಿಂದ ಹೊರಡುವುದೂ ಅದೇ ಜಾತಿಯ ಬೆಳಕು.

ಬೆಳಕು ಸಲೀಸಾಗಿ ದಾಟಿ ಹೋಗುತ್ತದೆ ಅಂದರೆ ದಾರಿಯಲ್ಲಿ ಏನನ್ನೂ ಹೆಚ್ಚು ಬಿಸಿ ಮಾಡುತ್ತಿಲ್ಲ ಎಂದಾಯಿತು. ಹಾಗಾದರೆ ಗಡ್ಡೆಯೊಳಗೆ ಮಾತ್ರ ಅದನ್ನು ತಡೆದು ಹೀರಿಕೊಳ್ಳುವ ಏನನ್ನಾದರೂ ಇಟ್ಟರೆ? ಸುತ್ತಲಿನ ಮಾಂಸ ತಣ್ಣಗಿರುತ್ತದೆ, ಗಡ್ಡೆ ಕಾಯುತ್ತದೆ. ಬೆಳಕಿನ ಕಾವಿನ ಚಿಕಿತ್ಸೆಯ ಮೂಲ ಯೋಚನೆ ಇಷ್ಟೇ. ಉಳಿದದ್ದೆಲ್ಲ ಆ "ಏನನ್ನಾದರೂ" ಎಂಬುದರ ಹುಡುಕಾಟ.

ಬಂಗಾರ ಇಲ್ಲಿ ಬರುವುದು ಅದರ ಬೆಲೆಗಾಗಿ ಅಲ್ಲ. ಬಂಗಾರವನ್ನು ನ್ಯಾನೋ ಅಳತೆಗೆ ಇಳಿಸಿದರೆ ಅದು ಹಳದಿಯಾಗಿ ಉಳಿಯುವುದಿಲ್ಲ ಎಂದು ಕುಮಟಾದ ಯಾವ ಸೊನಗಾರರಿಗೆ ಹೇಳಿದರೂ ನಕ್ಕಾರು. ಆದರೆ 1857ರಲ್ಲೇ ಮೈಕೆಲ್ ಫ್ಯಾರಡೆ ನೀರಿನಲ್ಲಿ ತೇಲುವ ಬಂಗಾರದ ಅತಿಸಣ್ಣ ಕಣಗಳನ್ನು ಮಾಡಿ, ದ್ರಾವಣ ಮಾಣಿಕ್ಯದಂತೆ ಕೆಂಪಾಗಿರುವುದನ್ನು ತೋರಿಸಿದ್ದ. ಲೋಹದೊಳಗಿನ ಎಲೆಕ್ಟ್ರಾನುಗಳು ಗುಂಪಾಗಿ ಅತ್ತಿಂದಿತ್ತ ತುಯ್ದಾಡುತ್ತವೆ. ಅವುಗಳ ತುಯ್ದಾಟದ ತಾಳಕ್ಕೆ ಸರಿಹೊಂದುವ ಬೆಳಕು ಬಿದ್ದಾಗ ಕಣ ಅದನ್ನು ಗಬಕ್ಕನೆ ಹೀರುತ್ತದೆ. ಆ ತಾಳ ಯಾವುದು ಎಂಬುದನ್ನು ಕಣದ ಗಾತ್ರ ಮತ್ತು ಆಕಾರ ನಿರ್ಧರಿಸುತ್ತವೆ.

ಮದ್ದಳೆಯವರು ಶ್ರುತಿ ಮಾಡುವುದನ್ನು ನೋಡಿದವರಿಗೆ ಇದು ಅಪರಿಚಿತವಲ್ಲ. ನಡುವಿನ ಕಪ್ಪು ಕರಣೆಯ ದಪ್ಪ ಬದಲಾದರೆ ನಾದವೂ ಬದಲಾಗುತ್ತದೆ. ಅಮೆರಿಕದ ರೈಸ್ ವಿಶ್ವವಿದ್ಯಾಲಯದ ನವೋಮಿ ಹ್ಯಾಲಸ್ ಮತ್ತು ಸಂಗಡಿಗರು ಮಾಡಿದ್ದು ಹೆಚ್ಚುಕಡಿಮೆ ಅದನ್ನೇ. ಮರಳಿನ ಮೂಲದ್ರವ್ಯವಾದ ಸಿಲಿಕಾದ ಪುಟ್ಟ ಗೋಲಿಗೆ ಬಂಗಾರದ ತೆಳು ಕವಚ ಹೊದಿಸಿದರು. ಕವಚ ತೆಳುವಾದಷ್ಟೂ ಅದು ಹೀರುವ ಬೆಳಕು ಕೆಂಪಿನ ಕಡೆಗೆ, ಅವಕೆಂಪಿನ ಕಡೆಗೆ ಸರಿಯುತ್ತದೆ. (ಕರಣೆಯ ಲೆಕ್ಕಕ್ಕೆ ಇದು ತಿರುವುಮುರುವು, ಅಲ್ಲಿ ದಪ್ಪವಾದರೆ ಶ್ರುತಿ ಇಳಿಯುತ್ತದೆ.) ಒಳಗಿನ ಗೋಲಿ ಸುಮಾರು 120 ನ್ಯಾನೋಮೀಟರ್, ಕವಚ ಸುಮಾರು 15. ಒಟ್ಟು 150. ಇಂಥ ಐನೂರು ಕಣಗಳನ್ನು ಸಾಲಾಗಿ ಇಟ್ಟರೆ ಒಂದು ತಲೆಕೂದಲಿನ ದಪ್ಪಕ್ಕೆ ಹೆಚ್ಚುಕಡಿಮೆ ಸಮ. ಹೀರಿದ ಬೆಳಕನ್ನು ಎಲೆಕ್ಟ್ರಾನುಗಳು ಸೆಕೆಂಡಿನ ಲಕ್ಷ ಕೋಟಿಯ ಕೆಲವೇ ಪಾಲಿನಷ್ಟು ಹೊತ್ತಿನಲ್ಲಿ ಬಿಸಿಯಾಗಿ ಬದಲಿಸುತ್ತವೆ, ಆಮೇಲೆ ಆ ಬಿಸಿ ಸುತ್ತಲಿಗೆ ಹರಡುತ್ತದೆ. 2003ರಲ್ಲಿ ಇದೇ ತಂಡ ಇಲಿಗಳ ಗಡ್ಡೆಯಲ್ಲಿ ಇದು ನಡೆಯುವುದನ್ನು ತೋರಿಸಿತು.

ಕಾವು ಏಕೆ ಕೊಲ್ಲುತ್ತದೆ ಎಂಬುದಕ್ಕೆ ದೊಡ್ಡ ವಿವರಣೆ ಬೇಡ. 42-43 ಡಿಗ್ರಿ ದಾಟಿದರೆ ಜೀವಕೋಶ ತತ್ತರಿಸುತ್ತದೆ, 50 ದಾಟಿದರೆ ನಿಮಿಷಗಳಲ್ಲಿ ಸಾಯುತ್ತದೆ. ಒಳಗಿನ ಪ್ರೋಟೀನು ಬೆಂದ ಮೊಟ್ಟೆಯ ಹಾಗೆ ಗಟ್ಟಿಯಾಗುತ್ತದೆ, ಮತ್ತೆ ಹಸಿಯಾಗದು. ಗಡ್ಡೆಗಳ ರಕ್ತನಾಳ ಅಸ್ತವ್ಯಸ್ತವಾಗಿರುವುದರಿಂದ ಬಿಸಿಯನ್ನು ಹೊತ್ತೊಯ್ದು ತಣಿಸುವ ಶಕ್ತಿ ಅವಕ್ಕೆ ಕಡಿಮೆ. ಕಾವಿನಿಂದ ಗಡ್ಡೆ ಸುಡುವುದು ಹೊಸದೂ ಅಲ್ಲ. ಯಕೃತ್ತಿನ ಗಡ್ಡೆಗೆ ಸೂಜಿ ಚುಚ್ಚಿ ರೇಡಿಯೋ ಅಲೆಯಿಂದಲೋ ಮೈಕ್ರೋವೇವ್‌ನಿಂದಲೋ ಬೇಯಿಸುವ ಪದ್ಧತಿ ದೊಡ್ಡ ಆಸ್ಪತ್ರೆಗಳಲ್ಲಿ ವರ್ಷಗಳಿಂದ ಇದೆ. ಹಾಗಾಗಿ ಕೇಳಬೇಕಾದ ಪ್ರಶ್ನೆ "ಕಾವು ಕೊಲ್ಲುತ್ತದೆಯೇ" ಎಂಬುದಲ್ಲ, "ಈ ಕಣಗಳಿಂದ ಹೆಚ್ಚಿಗೆ ಏನು ಸಿಕ್ಕಿತು" ಎಂಬುದು.

ಬಂಗಾರವೊಂದೇ ಅಲ್ಲ, ಸಾಲು ದೊಡ್ಡದಿದೆ. ಬಂಗಾರದ ಕಡ್ಡಿ, ಇಂಗಾಲದ ನಳಿಕೆ, ಗ್ರಾಫೀನ್, ತಾಮ್ರದ ಸಲ್ಫೈಡ್. ನನಗೆ ಇಷ್ಟವಾದದ್ದು ಪಾಲಿಡೋಪಮೀನ್. ಸಮುದ್ರದ ಹೊಡೆತಕ್ಕೂ ಬಿಡದೆ ಬಂಡೆಗೆ ಕಚ್ಚಿಕೊಳ್ಳುವ ಪಚ್ಚಿಲೆ ಚಿಪ್ಪಿನ ಅಂಟನ್ನು ಗಮನಿಸಿ ಹುಟ್ಟಿದ ವಸ್ತು ಅದು. ನಮ್ಮ ಚರ್ಮದ ಮೆಲನಿನ್ನಿಗೆ ದೂರದ ನೆಂಟ. ಕಾರವಾರದ ಕಲ್ಲುಬಂಡೆಯ ಮೇಲೆ ಕೂತವರು ದಿನಾ ನೋಡುವ ಜೀವಿ ಕ್ಯಾನ್ಸರ್ ಪ್ರಯೋಗಾಲಯಕ್ಕೂ ಹೊಕ್ಕಿದೆ.

ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಸಂಶೋಧಕರು ಬಂಗಾರ ಮತ್ತು ತಾಮ್ರದ ಸಲ್ಫೈಡ್ ಎರಡನ್ನೂ ಕೂಡಿಸಿ 8 ನ್ಯಾನೋಮೀಟರಿಗಿಂತ ಸಣ್ಣ ಕಣ ಮಾಡಿದ್ದಾರೆ. ಬೆಳಕು ಬಿದ್ದಾಗ ಅದು ಕಾಯುತ್ತದೆ, ಕಾದು ಹಿಗ್ಗಿ ಸಣ್ಣ ಶಬ್ದದ ಅಲೆಯನ್ನೂ ಎಬ್ಬಿಸುತ್ತದೆ. ಶಬ್ದ ಮೈಯೊಳಗೆ ಬೆಳಕಿನಷ್ಟು ಚದುರುವುದಿಲ್ಲವಾದ್ದರಿಂದ ಆ ಅಲೆಯನ್ನು ಹಿಡಿದು ಗಡ್ಡೆ ಎಲ್ಲಿದೆ ಎಂದು ಗುರುತಿಸಬಹುದು. ಹುಡುಕುವುದೂ ಸುಡುವುದೂ ಒಂದೇ ಕಣದ ಕೆಲಸ. ಗಾತ್ರ ಅಷ್ಟು ಸಣ್ಣದಾಗಿರುವುದಕ್ಕೂ ಅರ್ಥವಿದೆ. ಮೂತ್ರಪಿಂಡದ ಜಾಲರಿ ಸುಮಾರು 6 ನ್ಯಾನೋಮೀಟರ್ ಒಳಗಿನದನ್ನಷ್ಟೇ ಸುಲಭವಾಗಿ ಸೋಸಿ ಹೊರಗೆ ಬಿಡುತ್ತದೆ. 150 ನ್ಯಾನೋಮೀಟರಿನ ಕವಚದ ಗೋಲಿ ಮೂತ್ರದಲ್ಲಿ ಹೋಗದು; ಯಕೃತ್ತಿನಲ್ಲಿ, ಗುಲ್ಮದಲ್ಲಿ ಬಿಡಾರ ಹೂಡುತ್ತದೆ. ಬೆಂಗಳೂರಿನ ಕಣವನ್ನು ಪರೀಕ್ಷಿಸಿದ್ದು ಪ್ರಯೋಗಾಲಯದಲ್ಲಿ ಬೆಳೆಸಿದ ಶ್ವಾಸಕೋಶ ಮತ್ತು ಗರ್ಭಕೊರಳಿನ ಕ್ಯಾನ್ಸರ್ ಕೋಶಗಳ ಮೇಲೆ. ಅಲ್ಲಿಂದ ಮನುಷ್ಯನವರೆಗಿನ ದಾರಿ ಉದ್ದ.

ಆ ಉದ್ದ ಎಷ್ಟು ಎಂಬುದನ್ನು ವಿಡಿಯೊ ಹೇಳುವುದಿಲ್ಲ. ಇಂಥ ಬಹುಪಾಲು ಸಂಶೋಧನಾ ಲೇಖನಗಳಲ್ಲಿ ವಾಸಿಯಾದದ್ದು ಇಪ್ಪತ್ತು-ಇಪ್ಪತ್ತೈದು ಗ್ರಾಂ ತೂಗುವ ಇಲಿ. ಗಡ್ಡೆಯನ್ನು ಸಂಶೋಧಕರೇ ಅದರ ಚರ್ಮದ ಕೆಳಗೆ ನೆಟ್ಟಿರುತ್ತಾರೆ, ಕೆಲವು ಮಿಲಿಮೀಟರ್ ಆಳದಲ್ಲಿ. ಮನುಷ್ಯನ ಮೇದೋಜೀರಕಾಂಗ ಎಷ್ಟು ಒಳಗಿದೆ! ಕಿಟಕಿಯ ಬೆಳಕೂ ಒಂದೆರಡು ಸೆಂಟಿಮೀಟರ್ ಹೋಗುವಷ್ಟರಲ್ಲಿ ಚದುರಿ ಬಡವಾಗಿರುತ್ತದೆ. 808 ನ್ಯಾನೋಮೀಟರಿನ ಲೇಸರನ್ನು ಚರ್ಮದ ಮೇಲೆ ಸುರಕ್ಷಿತವಾಗಿ ಬಿಡಬಹುದಾದ ಮಿತಿ ಚದರ ಸೆಂಟಿಮೀಟರಿಗೆ ಸುಮಾರು 0.33 ವ್ಯಾಟ್, ಇಲಿಗಳ ಪ್ರಯೋಗಗಳಲ್ಲಿ 1, 2 ವ್ಯಾಟ್ ಬಿಡುವುದು ಮಾಮೂಲು. ಮಿತಿಯ ಮೂರು-ಆರು ಪಟ್ಟು ಬೆಳಕು ಸುರಿದು ಗಡ್ಡೆ ಮಾಯವಾಯಿತು ಎಂದರೆ ಅದರಲ್ಲಿ ಕಣದ ಪಾಲೆಷ್ಟು, ಲೇಸರಿನ ಪಾಲೆಷ್ಟು ಎಂದು ಕೇಳದೆ ಇರಲಾಗದು.

ಇನ್ನೊಂದು ಲೆಕ್ಕ ಇದಕ್ಕಿಂತ ಕಹಿ. ಗಡ್ಡೆಯ ರಕ್ತನಾಳಗಳು ಸೋರುತ್ತವೆ, ಹಾಗಾಗಿ ಕಣಗಳು ತಾವಾಗಿ ಅಲ್ಲಿ ಸೇರಿಕೊಳ್ಳುತ್ತವೆ ಎಂಬ ನಂಬಿಕೆ 1986ರಲ್ಲಿ ಜಪಾನಿನ ಮತ್ಸುಮುರ ಮತ್ತು ಮಯೆದ ಅವರ ಕೆಲಸದಿಂದ ಬಂದದ್ದು. ಮೂವತ್ತು ವರ್ಷ ಕಳೆದ ಮೇಲೆ, 2016ರಲ್ಲಿ, ಟೊರಾಂಟೊದ ತಂಡವೊಂದು ಹಿಂದಿನ ಹತ್ತು ವರ್ಷದ ಪ್ರಯೋಗಗಳನ್ನೆಲ್ಲ ಕೂಡಿಹಾಕಿ ನೋಡಿತು. ರಕ್ತಕ್ಕೆ ಬಿಟ್ಟ ನ್ಯಾನೋಕಣಗಳಲ್ಲಿ ಗಡ್ಡೆ ಮುಟ್ಟಿದ್ದು, ಮಧ್ಯಾಂಕದ ಲೆಕ್ಕದಲ್ಲಿ, ಶೇ 0.7. ನೂರು ಬಿಟ್ಟರೆ ಒಂದೂ ಪೂರ್ತಿ ತಲುಪದು. ಒಂದು ಮರಕ್ಕೆ ಗೊಬ್ಬರ ಹಾಕಲು ಹೊಳೆಗೇ ಗೊಬ್ಬರ ಸುರಿದ ಹಾಗೆ.

ಇಷ್ಟೆಲ್ಲ ಅಡ್ಡಿ ದಾಟಿ ಮನುಷ್ಯರವರೆಗೆ ಬಂದದ್ದು ಆ ರೈಸ್ ವಿಶ್ವವಿದ್ಯಾಲಯದ ಬಂಗಾರದ ಕವಚವೇ. ಮೊದಲು ತಲೆ-ಕುತ್ತಿಗೆಯ ಕ್ಯಾನ್ಸರಿನ ಕೆಲವು ರೋಗಿಗಳಲ್ಲಿ, ಆಮೇಲೆ ಪ್ರಾಸ್ಟೇಟ್ ಗ್ರಂಥಿಯಲ್ಲಿ. 2019ರಲ್ಲಿ ಪ್ರಕಟವಾದ ಪ್ರಾಸ್ಟೇಟ್ ಪ್ರಯೋಗದಲ್ಲಿ ಇದ್ದವರು 16 ಜನ, ಚಿಕಿತ್ಸೆ ಪೂರ್ತಿಯಾದದ್ದು 15 ಜನರಿಗೆ. ಮೊದಲ ದಿನ ರಕ್ತನಾಳದ ಮೂಲಕ ಕಣಗಳು, ಮರುದಿನ ಲೇಸರ್. ಒಂದು ವರ್ಷದ ಮೇಲೆ ಸುಟ್ಟ ಜಾಗದಿಂದಲೇ ತುಣುಕು ತೆಗೆದು ನೋಡಿದಾಗ 15ರಲ್ಲಿ 13 ಜನರಲ್ಲಿ ಅಲ್ಲಿ ಕ್ಯಾನ್ಸರ್ ಕಾಣಲಿಲ್ಲ. ಭಾರಿ ಅಡ್ಡಪರಿಣಾಮವೂ ಇರಲಿಲ್ಲ.

ಒಳ್ಳೆಯ ಸುದ್ದಿಯೇ. ಆದರೆ ಸಾಲುಗಳ ನಡುವೆ ಓದಬೇಕು. ಆ ಬೆಳಕು ಹೊರಗಿನಿಂದ ಹಾಯ್ದದ್ದಲ್ಲ. ಸೂಜಿಯ ಮೂಲಕ ಲೇಸರ್ ಎಳೆಯನ್ನು ಗ್ರಂಥಿಯೊಳಕ್ಕೇ ತೂರಿಸಿದ್ದರು. ರೋಗಿಗಳದು ಕಡಿಮೆ ಅಥವಾ ಮಧ್ಯಮ ಅಪಾಯದ, ಗ್ರಂಥಿಯೊಳಗೇ ಇದ್ದ ಕ್ಯಾನ್ಸರ್. ಕಣ ಇಲ್ಲದೆ ಬರೀ ಲೇಸರ್ ಹಾಕಿದ ಇನ್ನೊಂದು ಗುಂಪು ಹೋಲಿಕೆಗೆ ಇರಲಿಲ್ಲ. ಹಾಗಾಗಿ ಮೇಲೆ ಕೇಳಿದ ಪ್ರಶ್ನೆ, ಕಣಗಳಿಂದ ಹೆಚ್ಚಿಗೆ ಏನು ಸಿಕ್ಕಿತು ಎಂಬುದು, ಅಲ್ಲೇ ನಿಂತಿದೆ. ಹರಡಿದ ಕ್ಯಾನ್ಸರಿಗೆ ಇದು ಉತ್ತರವೇ ಅಲ್ಲ: ಬೆಳಕು ತಾನು ಮುಟ್ಟಿದ್ದನ್ನು ಮಾತ್ರ ಸುಡುತ್ತದೆ.

ಬೆಳಕು ಮುಟ್ಟುವ ಜಾಗ ಯಾವುದು? ಚರ್ಮ, ಗಂಟಲು, ನಳಿಕೆ ಇಳಿಸಬಹುದಾದ ಅನ್ನನಾಳ. ಎಲ್ಲಕ್ಕಿಂತ ಸುಲಭವಾಗಿ, ಬಾಯಿ. ಇಲ್ಲಿ ಈ ವಿಷಯ ನಮ್ಮ ಮನೆ ಬಾಗಿಲಿಗೆ ಬರುತ್ತದೆ.

ಕಾರವಾರದಲ್ಲಿ ಕ್ಯಾನ್ಸರ್ ಮಾತು ಬಂದರೆ ಬೆರಳು ಕೈಗಾದ ಅಣುವಿದ್ಯುತ್ ಸ್ಥಾವರದ ಕಡೆ ಹೋಗುತ್ತದೆ. ಅದು ಇನ್ನೊಂದು ಬರಹದ ವಿಷಯ. ಘಟ್ಟದ ಮೇಲೆ ನಾವು ಮಾತಾಡದೆ ಉಳಿಸಿಕೊಂಡದ್ದು ಕವಳದ ತಟ್ಟೆ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಅಂಗವಾದ ಐಎಆರ್‌ಸಿ 2004ರಲ್ಲೇ, ತಂಬಾಕು ಸೇರದಿದ್ದರೂ ಅಡಿಕೆ ಮನುಷ್ಯರಿಗೆ ಕ್ಯಾನ್ಸರ್‌ಕಾರಕ ಎಂದು ಮೊದಲ ವರ್ಗಕ್ಕೆ ಸೇರಿಸಿತು. 2022ರಲ್ಲಿ ಜಗತ್ತಿನಲ್ಲಿ ಕಂಡುಬಂದ ಸುಮಾರು 3.9 ಲಕ್ಷ ಬಾಯಿ ಕ್ಯಾನ್ಸರುಗಳಲ್ಲಿ ಸುಮಾರು 1.2 ಲಕ್ಷಕ್ಕೆ ಹೊಗೆಯಿಲ್ಲದ ತಂಬಾಕು ಮತ್ತು ಅಡಿಕೆ ಕಾರಣ, ಅದರಲ್ಲಿ 83 ಸಾವಿರದಷ್ಟು ಭಾರತದಲ್ಲಿ ಎಂಬುದು ಅದೇ ಸಂಸ್ಥೆಯ ಅಂದಾಜು. ಈ ಸುದ್ದಿ ಬಂದಾಗಲೆಲ್ಲ ನಮ್ಮಲ್ಲಿ ಮೊದಲು ಏಳುವ ಚರ್ಚೆ ದರ ಬೀಳುತ್ತದೋ ಏನೋ ಎಂಬುದು. ನಾನೂ ಅಡಿಕೆ ತೋಟದ ಅನ್ನ ಉಂಡವನೇ, ಆ ಭಯ ನನಗೆ ಅರ್ಥವಾಗುತ್ತದೆ. 2019ರಲ್ಲಿ ಶಿರಸಿ ಸುಪಾರಿಗೆ ಭೌಗೋಳಿಕ ಗುರುತು ಸಿಕ್ಕಾಗ ಖುಷಿಪಟ್ಟವರಲ್ಲಿ ನಾನೂ ಒಬ್ಬ. ಬೆಳೆಗಾರನ ಬದುಕು ಒಂದು ವಾದ, ಅಗಿಯುವವನ ಬಾಯಿ ಇನ್ನೊಂದು. ಮೊದಲನೆಯದಕ್ಕೆ ಹೆದರಿ ಎರಡನೆಯದನ್ನು ಮುಚ್ಚಿಡುವುದು ನನಗೆ ಸರಿ ಕಾಣುವುದಿಲ್ಲ.

ಬಾಯಿಯ ಕ್ಯಾನ್ಸರಿಗೆ ಬೆಳಕನ್ನು ಬಳಸುವುದು ಬರೀ ಕನಸಲ್ಲ. ಜಪಾನ್ 2020ರಲ್ಲಿ, ಶಸ್ತ್ರಚಿಕಿತ್ಸೆಗೆ ಸಿಗದ, ಬಲಿತ ಅಥವಾ ಮರುಕಳಿಸಿದ ತಲೆ-ಕುತ್ತಿಗೆ ಕ್ಯಾನ್ಸರಿಗೆ ಒಂದು ಬೆಳಕಿನ ಔಷಧವನ್ನು ಒಪ್ಪಿತು. ಕ್ಯಾನ್ಸರ್ ಕೋಶಕ್ಕೆ ಅಂಟುವ ಪ್ರತಿಕಾಯಕ್ಕೆ ಬಣ್ಣದ ಅಣುವೊಂದನ್ನು ಕಟ್ಟಿ, 690 ನ್ಯಾನೋಮೀಟರಿನ ಬೆಳಕು ಬಿಡುತ್ತಾರೆ. ಅಲ್ಲಿ ಕೊಲ್ಲುವುದು ಕಾವಲ್ಲ, ಬೆಳಕು ಬಿದ್ದಾಗ ಕೋಶದ ಹೊದಿಕೆಯನ್ನು ಹರಿಯುವ ರಾಸಾಯನಿಕ ಬದಲಾವಣೆ, ಬಂಗಾರವೂ ಇಲ್ಲ. ಅಣ್ಣತಮ್ಮಂದಿರಂಥ ಈ ಎರಡು ವಿಧಾನಗಳನ್ನು ವಿಡಿಯೊಗಳು ಒಂದೇ ಎಂದು ಬೆರೆಸಿಬಿಡುತ್ತವೆ.

ಶಸ್ತ್ರಚಿಕಿತ್ಸಕರು ಎತ್ತುವ ಒಂದು ಆಕ್ಷೇಪ ನನಗೆ ತೂಕದ್ದಾಗಿ ಕಂಡಿದೆ. ಕತ್ತರಿಸಿ ತೆಗೆದ ಗಡ್ಡೆಯ ಅಂಚನ್ನು ಸೂಕ್ಷ್ಮದರ್ಶಕದ ಕೆಳಗೆ ಇಟ್ಟು, ಕ್ಯಾನ್ಸರ್ ಅಂಚಿನವರೆಗೆ ಬಂದಿದೆಯೋ ಇಲ್ಲವೋ ನೋಡಬಹುದು. ಸುಟ್ಟರೆ ನೋಡಲು ಏನೂ ಉಳಿಯುವುದಿಲ್ಲ. ಮೇಲಾಗಿ ಬಾಯಿಯ ಕ್ಯಾನ್ಸರ್ ಕುತ್ತಿಗೆಯ ಗಂಟುಗಳಿಗೆ ಇಳಿಯುವ ಚಾಳಿಯದ್ದು. ಕೆನ್ನೆಯೊಳಗಿನ ಹುಣ್ಣು ಸುಟ್ಟು ಕುತ್ತಿಗೆಯ ಗಂಟು ಬಿಟ್ಟರೆ ಅರ್ಧ ಕೆಲಸ.

ಹಾಗಿದ್ದೂ ನನಗೆ ಈ ಚಿಕಿತ್ಸೆಯ ಮೇಲೆ ಒಂದು ಆಸೆ ಉಳಿದಿದೆ, ಅದಕ್ಕೂ ಬಂಗಾರಕ್ಕೂ ಸಂಬಂಧವಿಲ್ಲ. ಒಂದು ದಿನ ಕಣ, ಮರುದಿನ ಲೇಸರ್ ಎಂಬ ಎರಡು ದಿನದ ಲೆಕ್ಕಕ್ಕೆ ಸಂಬಂಧ. ಬಾಯಿ ಕ್ಯಾನ್ಸರಿಗೆ ವಿಕಿರಣ ಚಿಕಿತ್ಸೆ ಎಂದರೆ ಸಾಮಾನ್ಯವಾಗಿ ವಾರಕ್ಕೆ ಐದು ದಿನ, ಆರೇಳು ವಾರ. ಶಿರಸಿಯಿಂದ ಹುಬ್ಬಳ್ಳಿ ನೂರು ಕಿಲೋಮೀಟರ್ ಆಸುಪಾಸು, ಕಾರವಾರದಿಂದ ಮಣಿಪಾಲ ಅದರ ಇಮ್ಮಡಿ. ಕಾರವಾರದವರು ಗೋವಾಕ್ಕೆ, ಹೊನ್ನಾವರದವರು ದಕ್ಷಿಣಕ್ಕೆ, ಘಟ್ಟದ ಮೇಲಿನವರು ಹುಬ್ಬಳ್ಳಿಗೆ ಹೋಗುತ್ತಾರೆ. 2022ರ ಜುಲೈನಲ್ಲಿ ಹೊನ್ನಾವರದಿಂದ ರೋಗಿಯನ್ನು ಕರೆದೊಯ್ಯುತ್ತಿದ್ದ ಆಂಬುಲೆನ್ಸು ಶಿರೂರು ಟೋಲ್‌ಗೇಟಿನಲ್ಲಿ ಉರುಳಿ ನಾಲ್ವರು ಸತ್ತ ಮೇಲೆ ಜಿಲ್ಲೆಗೆ ಆಸ್ಪತ್ರೆ ಬೇಕೆಂದು ಎದ್ದ ಕೂಗು, "ಆಸ್ಪತ್ರೆ ಇಲ್ಲದಿದ್ದರೆ ಓಟಿಲ್ಲ" ಎಂಬ ಘೋಷಣೆ ಇನ್ನೂ ಕಿವಿಯಲ್ಲಿದೆ. ಇಂಥ ಜಿಲ್ಲೆಯಲ್ಲಿ ಕೊಟ್ಟಿಗೆ, ಕೊಯ್ಲು, ಕೂಲಿ ಬಿಟ್ಟು ಆರೇಳು ವಾರ ಪರಸ್ಥಳದಲ್ಲಿ ಕೂರಬೇಕು ಎಂದಾಗ ಚಿಕಿತ್ಸೆಯನ್ನು ನಡುವೆಯೇ ಕೈಬಿಟ್ಟವರನ್ನು ನಾನು ಬಲ್ಲೆ. ಎರಡು ದಿನದಲ್ಲಿ ಮುಗಿಯುವ ಚಿಕಿತ್ಸೆ ನಗರದವರಿಗೆ ಅನುಕೂಲ, ನಮಗೆ ಅದು ಚಿಕಿತ್ಸೆ ಆಗುವುದು ಮತ್ತು ಆಗದಿರುವುದರ ನಡುವಿನ ವ್ಯತ್ಯಾಸ. ಬಂಗಾರದ ದರ ಕೇಳಿ ಯಾರೂ ಹೆದರಬೇಕಿಲ್ಲ, ಒಬ್ಬ ರೋಗಿಗೆ ಬೇಕಾಗುವ ಬಂಗಾರ ತೀರ ಕಡಿಮೆ. ದುಡ್ಡು ಹೋಗುವುದು ಲೇಸರಿಗೆ, ಗಡ್ಡೆಯ ನೆಲೆ ತೋರಿಸುವ ಎಂಆರ್‌ಐಗೆ, ಅದನ್ನು ನಡೆಸಬಲ್ಲ ವೈದ್ಯರಿಗೆ. ಅವೆಲ್ಲ ಮೊದಲು ಬರುವುದು ದೊಡ್ಡ ಊರಿಗೇ.

ನಡುವೆ ಒಂದು ಎಚ್ಚರಿಕೆ. "ನಮ್ಮ ಸ್ವರ್ಣಭಸ್ಮವೂ ನ್ಯಾನೋ ಬಂಗಾರವೇ, ವಿಜ್ಞಾನಿಗಳು ಈಗ ಒಪ್ಪಿದ್ದಾರೆ" ಎಂದು ಮಾತ್ರೆ ಮಾರುವವರು ಈ ಸುದ್ದಿಯ ಬೆನ್ನಿಗೇ ಬರುತ್ತಾರೆ. ಭಸ್ಮದ ಉಳಿದ ಗುಣಗಳ ತಂಟೆಗೆ ನಾನು ಹೋಗುವುದಿಲ್ಲ. ಆದರೆ ಇಲ್ಲಿ ಹೇಳುತ್ತಿರುವ ಬಂಗಾರ ಕೆಲಸ ಮಾಡುವುದು ನಿಗದಿತ ಆಕಾರದಲ್ಲಿ, ನಿಗದಿತ ಬೆಳಕಿನ ಕೆಳಗೆ. ಆ ಬೆಳಕೇ ಇಲ್ಲದಿದ್ದರೆ ಅದು ಗಡ್ಡೆಯೊಳಗೆ ಸುಮ್ಮನೆ ಕೂತ ಲೋಹ. "ಟ್ರಯಲ್ ನಡೀತಾ ಇದೆ, ಇಷ್ಟು ಲಕ್ಷ ಕಟ್ಟಿ" ಎಂದು ಯಾರಾದರೂ ಕೇಳಿದರೆ ಅಲ್ಲೇ ಎದ್ದು ಬನ್ನಿ. ನಮ್ಮ ದೇಶದಲ್ಲಿ ಔಷಧ ಪ್ರಯೋಗಗಳು ಸರ್ಕಾರದ ಸಿಟಿಆರ್‌ಐ ದಾಖಲೆಯಲ್ಲಿ ನೋಂದಣಿಯಾಗಬೇಕು, ಅದನ್ನು ಯಾರು ಬೇಕಾದರೂ ಅಂತರ್ಜಾಲದಲ್ಲಿ ನೋಡಬಹುದು. ಪ್ರಯೋಗಕ್ಕೆ ಮೈ ಕೊಡುವವರಿಂದ ಹಣ ಕೀಳುವುದು ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ (ಐಸಿಎಂಆರ್) ಮಾರ್ಗಸೂಚಿಗೇ ವಿರುದ್ಧ.

ಬೆಳಕಿನ ವಿಷಯದಲ್ಲಿ ಇಷ್ಟೆಲ್ಲ ಹೇಳಿ ಅಗ್ಗದ ಬೆಳಕೊಂದನ್ನು ಬಿಟ್ಟರೆ ತಪ್ಪಾದೀತು. ಕೇರಳದ ತಿರುವನಂತಪುರ ಸುತ್ತಿನಲ್ಲಿ 1996ರಿಂದ ದೊಡ್ಡ ಅಧ್ಯಯನವೊಂದು ನಡೆಯಿತು. ತರಬೇತಾದ ಆರೋಗ್ಯ ಕಾರ್ಯಕರ್ತರು ಮನೆಮನೆಗೆ ಹೋಗಿ ಜನರ ಬಾಯಿ ತೆರೆಸಿ ಬರಿಗಣ್ಣಿನಲ್ಲಿ ನೋಡಿದರು, ಸಂಶಯ ಬಂದವರನ್ನು ವೈದ್ಯರ ಬಳಿ ಕಳಿಸಿದರು. ಅಷ್ಟೇ. 2005ರಲ್ಲಿ ಫಲಿತಾಂಶ ಬಂದಾಗ, ತಂಬಾಕು ಅಥವಾ ಮದ್ಯದ ಅಭ್ಯಾಸ ಇದ್ದವರಲ್ಲಿ ಬಾಯಿ ಕ್ಯಾನ್ಸರಿನ ಸಾವು ಶೇ 34ರಷ್ಟು ತಗ್ಗಿತ್ತು. ನ್ಯಾನೋ ಕವಚದ ಯಾವ ಪ್ರಯೋಗವೂ ಸಾವು ಇಷ್ಟು ಇಳಿಯಿತು ಎಂದು ಇನ್ನೂ ತೋರಿಸಿಲ್ಲ. ಬೆಳಕಿನ ಕಾವಿಗೂ ಬೇಕಾದದ್ದು ಸಣ್ಣ, ಹರಡದ, ಮೇಲ್ಮೈಯಲ್ಲಿರುವ ಗಡ್ಡೆಯೇ. ಅಂಥದ್ದು ಸಿಗುವುದು ಬೇಗ ನೋಡಿದವರ ಬಾಯಲ್ಲಿ ಮಾತ್ರ. ನಾಳೆ ಆ ಲೇಸರ್ ಮಣಿಪಾಲಕ್ಕೋ ಹುಬ್ಬಳ್ಳಿಗೋ ಬಂದರೂ, ನಮ್ಮವರು ಈಗಿನಂತೆ ನೋವು ತಡೆಯಲಾರದ ಹಂತಕ್ಕೇ ಹೋದರೆ "ಇದಕ್ಕೆ ಈ ಚಿಕಿತ್ಸೆ ಆಗುವುದಿಲ್ಲ" ಎಂಬ ಉತ್ತರ ಕೇಳಿ ವಾಪಸಾಗುತ್ತಾರೆ.

ಅಡಿಕೆ ಅಗಿಯುವವರಲ್ಲಿ ಕ್ಯಾನ್ಸರಿಗಿಂತ ಮೊದಲೇ ಕಾಣುವ ಒಂದು ಲಕ್ಷಣವಿದೆ. ಕೆನ್ನೆಯ ಒಳಪದರ ನಾರುಗಟ್ಟಿ ಬಿಗಿಯುತ್ತದೆ, ಖಾರ ತಿಂದರೆ ಉರಿ, ಬಾಯಿ ದಿನೇ ದಿನೇ ಕಿರಿದಾಗುತ್ತದೆ. ದಂತವೈದ್ಯರು ಮೊದಲು ನೋಡುವುದು ಬಾಯಿಗೆ ಮೂರು ಬೆರಳು ಒಂದರ ಮೇಲೊಂದಾಗಿ ಹೋಗುತ್ತದೆಯೇ ಎಂಬುದನ್ನು.

ಫೋನಿನಲ್ಲಿ ಭಾವನಿಗೆ ಇಷ್ಟು ಭೌತಶಾಸ್ತ್ರ ಹೇಳಲಿಲ್ಲ. ಕವಳ ಉಗಿದು ಬಾಯಿ ತೊಳೆದುಕೊಂಡು ಬಾ ಎಂದೆ. ಮೂರು ಬೆರಳು ಒಂದರ ಮೇಲೊಂದು ಜೋಡಿಸಿ ಹಲ್ಲುಗಳ ನಡುವೆ ಇಡಲು ಹೇಳಿದೆ. ಸ್ವಲ್ಪ ಹೊತ್ತು ಆ ಕಡೆ ಸದ್ದಿಲ್ಲ.

"ಎರಡೇ ಹೋಗ್ತು" ಎಂದ.

ಪೇಟೆಯ ಹಲ್ಲಿನ ಡಾಕ್ಟರು ಸೋಮವಾರ ಬೆಳಿಗ್ಗೆ ಹತ್ತಕ್ಕೆ ಬರುತ್ತಾರೆ. ನಾನೂ ಬರ್ತೆ ಎಂದು ಹೇಳಿ ಫೋನು ಇಟ್ಟೆ.